ಬೇಯುವ ತನಕ ಕಾದವಳಿಗೆ

ಠಾಕುರ್ಲಿ,
ಶ್ರಾವಣದ ಶನಿವಾರ

ಚಿ. ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ನೀನು ಕಳಿಸಿದ ಬಟಾಟೆಯ ಫೋಟೋ ತಲುಪಿತು. ಅಜ್ಜಿ ಕನ್ನಡಕ ಏರಿಸಿ, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಇದ್ದಿಲು ಚೆನ್ನಾಗಿ ಬಂದಿದೆ, ಹಲ್ಲುಪುಡಿಗೆ ಆಗುತ್ತದೆ" ಎಂದಳು. ನಾನು ನಿನ್ನ ವಕಾಲತ್ತು ವಹಿಸಿ, ಅದು ಇದ್ದಿಲಲ್ಲ, ಫ್ರೆಂಚ್ ಫ್ರೈಸ್, ಎಣ್ಣೆಯಲ್ಲಿ ಕರಿಯದೆ ಓವನ್ನಿನಲ್ಲಿ ಬೇಕ್ ಮಾಡಿದ್ದು ಎಂದೆ. "ಎಣ್ಣೆ ಉಳಿಸಿದಳು, ಸಂತೋಷ. ಬಟಾಟೆ ಉಳಿಸಲಿಲ್ಲವಲ್ಲ" ಎಂದು ಒಳಗೆ ಹೋದಳು. ನಿನ್ನ ಅಮ್ಮ ಹಾಕಿದ ಸಾಲು ನಗುಮುಖಗಳಿಗಿಂತ ಇದು ವಾಸಿ ಎಂದುಕೊ. ಅಜ್ಜಿ ಬೈದದ್ದು ಎಂದರೆ ಆ ವಿಷಯ ಅವಳು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು ಲೆಕ್ಕ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞಾಂ ಅಜ್ಜ, ಆಯ್ತು ಅಜ್ಜ" ಎನ್ನುವಾಗ ಹಿಂದಿನಿಂದ ಲ್ಯಾಪ್‌ಟಾಪ್ ಕುಟ್ಟುವ ಸದ್ದು ನನಗೆ ಕೇಳಿಸುತ್ತಿರುತ್ತದೆ. ಕಾಗದವಾದರೆ ಎರಡು ಕೈಯಲ್ಲೂ ಹಿಡಿದುಕೊಂಡೇ ಓದಬೇಕು. ಇನ್ನೊಂದು ಕಾರಣವೂ ಉಂಟು. ನನ್ನ ಸಕ್ಕರೆ ಕಾಯಿಲೆಯ ಡಾಕ್ಟರು ಬಟಾಟೆ ಕಡಿಮೆ ಮಾಡಿ ಎಂದದ್ದನ್ನು ಅಜ್ಜಿ ಬಂದ್ ಮಾಡಿ ಎಂದು ಕೇಳಿಸಿಕೊಂಡಿದ್ದಾಳೆ. ಬಾಯಿಗೆ ಸಿಗದ ಪದಾರ್ಥದ ಬಗ್ಗೆ ಬರೆಯುವುದಕ್ಕಾದರೂ ಪಥ್ಯವಿಲ್ಲವಲ್ಲ. ನಿನ್ನ ಅಪ್ಪನ ಹಾಸನದ ಕಡೆಯವರು ಆಲೂಗಡ್ಡೆ ಎನ್ನಲಿ, ನಾನು ಬಟಾಟೆ ಎಂದೇ ಬರೆಯುತ್ತೇನೆ. ಈ ವಯಸ್ಸಿನಲ್ಲಿ ನಾಲಿಗೆ ತಿದ್ದಿಕೊಳ್ಳುವ ಉಮೇದು ನನಗಿಲ್ಲ.

ಮೊದಲು ನಿನ್ನ ಇದ್ದಿಲಿನ ವಿಚಾರಣೆ ಮಾಡೋಣ. ನೀನಿರುವುದು ಕೋಪರ್‌ಖೈರಣೆಯಲ್ಲಿ. ಮುಂದಿನ ಸ್ಟೇಷನ್ನೇ ತುರ್ಭೆ. ವಾಶಿಯ ಎಪಿಎಂಸಿ ಎಂದು ಎಲ್ಲರೂ ಕರೆಯುವ ಮಾರುಕಟ್ಟೆ ಅದರ ಮಗ್ಗುಲಲ್ಲೇ ಇದೆ. ಅಲ್ಲಿಯ ಕಾಂದಾ-ಬಟಾಟಾ ಮಾರ್ಕೆಟ್ಟಿಗೆ ಆಗ್ರಾದಿಂದ, ಇಂದೋರಿನಿಂದ, ಗುಜರಾತಿನ ಡೀಸಾದಿಂದ, ನಮ್ಮ ಪುಣೆ ಜಿಲ್ಲೆಯ ಮಂಚರ್ ಕಡೆಯಿಂದ ಲಾರಿಗಟ್ಟಲೆ ಬಟಾಟೆ ಬಂದು ಇಳಿಯುತ್ತದೆ. ನಾನು ಹುಡುಗನಾಗಿದ್ದಾಗ ಈ ಪೇಟೆಯೆಲ್ಲ ಮಸ್ಜಿದ್ ಬಂದರಿನ ಗಲ್ಲಿಗಳಲ್ಲಿತ್ತು. ಕೈಗಾಡಿ, ಹಮಾಲರು, ಕೊಳೆತ ಈರುಳ್ಳಿಯ ವಾಸನೆ, ಮಳೆಗಾಲದಲ್ಲಿ ಮೊಣಕಾಲ ತನಕ ಕೆಸರು. 1980ರ ದಶಕದ ಆರಂಭದಲ್ಲಿ ಅದನ್ನು ನವಿ ಮುಂಬಯಿಗೆ ಎತ್ತಿ ಹಾಕಿದರು. ಹೀಗೆ ಇಡೀ ಮುಂಬಯಿಗೆ ಬಟಾಟೆ ಹಂಚುವ ಪೇಟೆಯ ನೆರೆಯಲ್ಲಿ ಕೂತು ನೀನು ಫೋನ್ ಒತ್ತಿ ಹತ್ತು ನಿಮಿಷದಲ್ಲಿ ಅರ್ಧ ಕಿಲೋ ಬಟಾಟೆ ತರಿಸುತ್ತೀ, ಅದೂ ತೊಳೆದು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದು. ತರಿಸಿದ್ದನ್ನು ಎಲ್ಲಿ ಇಟ್ಟೆ ಎಂದು ಕೇಳಿದರೆ, ಹಾಳಾಗದಿರಲಿ ಎಂದು ಫ್ರಿಜ್ಜಿನಲ್ಲಿ ಎಂದೆ.

ಕಳ್ಳ ಸಿಕ್ಕಿದ್ದು ಅಲ್ಲೇ. ಹಸಿ ಬಟಾಟೆಯನ್ನು ಅಷ್ಟು ತಣ್ಣಗೆ ಇಟ್ಟರೆ ಅದರೊಳಗಿನ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತ ಹೋಗುತ್ತದೆ. ಆ ಸಕ್ಕರೆ ಬೆಂಕಿ ಕಂಡದ್ದೇ ಕೆಂಪಾಗಿ, ಕಂದಾಗಿ, ಒಳಗಿನದು ಬೇಯುವ ಮೊದಲೇ ಕರಕಾಗುತ್ತದೆ, ಬಾಯಿಗಿಟ್ಟರೆ ಕಹಿ. ಇದು ನಿನ್ನೊಬ್ಬಳ ಕಷ್ಟವಲ್ಲ, ವೇಫರ್ ಮಾಡುವ ಕಂಪನಿಗಳ ಕಷ್ಟವೂ ಹೌದು. ಉತ್ತರಪ್ರದೇಶದಲ್ಲಿ ಮಾರ್ಚ್ ಒಳಗೆ ಅಗೆದ ಬಟಾಟೆಯನ್ನು ಶೀತಲಗೃಹಗಳಲ್ಲಿ 2ರಿಂದ 4 ಡಿಗ್ರಿಯಲ್ಲಿ ಕೂಡಿಡುತ್ತಾರೆ, ಈ ಶ್ರಾವಣದಲ್ಲಿ ನಾವು ತಿನ್ನುವುದು ಹೆಚ್ಚಾಗಿ ಅದನ್ನೇ. ವೇಫರಿಗೆ ಬೇಕಾದದ್ದನ್ನು ಮಾತ್ರ 10-12 ಡಿಗ್ರಿಯಲ್ಲಿ ಬೇರೆ ಇಡುತ್ತಾರೆ. ಶಿಮ್ಲಾದ ಕೇಂದ್ರೀಯ ಬಟಾಟೆ ಸಂಶೋಧನ ಸಂಸ್ಥೆಯವರು 1998ರಲ್ಲಿ ಕುಫ್ರಿ ಚಿಪ್ಸೋನಾ ಎಂಬ ತಳಿಗಳನ್ನೇ ಇದಕ್ಕಾಗಿ ಹೊರತಂದರು. ಸಕ್ಕರೆ ಕಡಿಮೆ, ನೀರೂ ಕಡಿಮೆ, ಕರಿದರೆ ಬಿಳಿಚಾಗಿ ಬರುತ್ತದೆ. ಸಕ್ಕರೆ ಕಡಿಮೆಯ ಬಟಾಟೆ ಎಂದು ಓದಿದ ಕೂಡಲೇ ನಾನು ಆಸೆಯಿಂದ ಅಜ್ಜಿಗೆ ತೋರಿಸಿದೆ. ಆ ಸಕ್ಕರೆ ಬೇರೆ, ನಿಮ್ಮ ಸಕ್ಕರೆ ಬೇರೆ ಎಂದಳು. ಅವಳು ಹೇಳಿದ್ದು ಸರಿಯೇ.

ಆದ್ದರಿಂದ ಬಟಾಟೆಯನ್ನು ಫ್ರಿಜ್ಜಿನಿಂದ ಹೊರಗೆ ತೆಗೆ. ಗಾಳಿಯಾಡುವ ಬುಟ್ಟಿಯಲ್ಲಿ, ಬೆಳಕು ಬೀಳದ ಮೂಲೆಯಲ್ಲಿ ಇಡು. ಈರುಳ್ಳಿಯ ಜೊತೆ ಇಡಬೇಡ, ಒಂದರ ಸಹವಾಸದಲ್ಲಿ ಇನ್ನೊಂದು ಕೆಡುತ್ತದೆ. ಬೆಳಕಿಗೆ ಬಿದ್ದು ಹಸಿರಾದ ಭಾಗ, ಮೊಳಕೆಯ ಕಣ್ಣು, ಇವನ್ನು ಆಳವಾಗಿ ಕೆತ್ತಿ ಎಸೆ; ತುಂಬಾ ಹಸಿರಾಗಿದ್ದರೆ ಇಡೀ ಬಟಾಟೆಯನ್ನೇ ಎಸೆದುಬಿಡು. ಅದರಲ್ಲಿ ಸೋಲನಿನ್ ಎಂಬ ವಿಷ ಸೇರಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಎರಡು ರೂಪಾಯಿಯ ಬಟಾಟೆಗಾಗಿ ಹೊಟ್ಟೆನೋವು ತಂದುಕೊಂಡು ಅಲ್ಲಿ ಒಬ್ಬಳೇ ಮಲಗಬೇಡ. ಜೊತೆಗಿರುವ ಆ ಇಬ್ಬರು ಹುಡುಗಿಯರೂ ನಿನ್ನ ಹಾಗೆಯೇ ರಾತ್ರಿ ಹತ್ತಕ್ಕೆ ಮನೆ ಸೇರುವವರು. ನಿನಗೆ ಗಂಜಿ ಮಾಡಿ ಕೊಡುವವರು ಯಾರು ಎಂದು ಅಜ್ಜಿ ನಿದ್ದೆಗೆಡುತ್ತಾಳೆ. ಅವಳು ಎದ್ದು ಕೂತರೆ ನನಗೂ ನಿದ್ದೆಯಿಲ್ಲ.

ಈಗ ನಿನ್ನ ಓವನ್ ವಿಷಯ. ಓಟಿಜಿ ತೆಗೆದುಕೊಂಡ ದಿನ, ನಮ್ಮ ಮನೆತನದಲ್ಲಿ ಬೇಕಿಂಗ್ ಶುರು ಮಾಡಿದವಳು ನಾನೇ ಎಂದು ಬರೆದಿದ್ದೆ. ಆ ಗೌರವ ನಿನಗೆ ಸಲ್ಲುವುದಿಲ್ಲ ಮಗಾ. ಊರಿನ ನಮ್ಮ ಮನೆಯ ಬಚ್ಚಲಿನಲ್ಲಿ ನೆಲಕ್ಕೆ ಕಟ್ಟಿದ ಹಂಡೆ, ಅದರ ಕೆಳಗೆ ಇಡೀ ದಿನ ಆರದ ಒಲೆ ಇತ್ತು. ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ ಉರಿದು ಸಂಜೆಗೆ ಬೂದಿಯ ಕೆಳಗೆ ಕೆಂಡ ಮಾತ್ರ ಉಳಿಯುತ್ತಿತ್ತು. ನನ್ನ ಅಜ್ಜಿ, ಅಂದರೆ ನಿನ್ನ ಅಮ್ಮನ ಮುತ್ತಜ್ಜಿ, ಮಳೆಗಾಲದಲ್ಲಿ ಹಲಸಿನ ಬೀಜವನ್ನೂ ಚಳಿಗಾಲದಲ್ಲಿ ಗೆಣಸನ್ನೂ ಆ ಬೂದಿಯೊಳಗೆ ಹೂಳುತ್ತಿದ್ದಳು. ಪೇಟೆಯಿಂದ ಅಪರೂಪಕ್ಕೆ ಬಟಾಟೆ ಬಂದರೆ ನಾವು ಮಕ್ಕಳು ಒಂದೆರಡು ಕದ್ದು ಅಲ್ಲಿಗೇ ಸೇರಿಸುತ್ತಿದ್ದೆವು. ಮಿಂದು ಮುಗಿಸುವಷ್ಟರಲ್ಲಿ ಸಿಪ್ಪೆ ಕರ್ರಗೆ, ಒಡೆದರೆ ಒಳಗೆ ಬಿಳೀ ಹಿಟ್ಟು, ಹಬೆ ಮೂಗಿಗೆ ಹೊಡೆಯುತ್ತಿತ್ತು. ಒಂದು ಹರಳು ಉಪ್ಪು, ಒಂದು ತೊಟ್ಟು ತೆಂಗಿನೆಣ್ಣೆ. ಬೆರಳು ಸುಟ್ಟುಕೊಳ್ಳದೆ ತಿಂದ ನೆನಪೇ ನನಗಿಲ್ಲ. ನಿನ್ನ ಯೂಟ್ಯೂಬಿನವರು ಜಾಕೆಟ್ ಪೊಟ್ಯಾಟೊ ಎಂದು ಮಾಡಿ ತೋರಿಸುವುದು ಇದನ್ನೇ. ಅದನ್ನು ಮಾಡುವಾಗ ಬೆಳ್ಳಿ ಹಾಳೆ ಸುತ್ತಬೇಡ. ಸುತ್ತಿದರೆ ಹಬೆ ಒಳಗೇ ಸುತ್ತಿ ಅದು ಬೇಕ್ ಆಗುವುದಿಲ್ಲ, ಬೇಯುತ್ತದೆ ಅಷ್ಟೆ. ಫೋರ್ಕಿನಿಂದ ನಾಲ್ಕು ಕಡೆ ಚುಚ್ಚಿ, 200 ಡಿಗ್ರಿಯಲ್ಲಿ ತಾಸು ಹೊತ್ತು ಬಿಡು. ಚುಚ್ಚದೆ ಮಾತ್ರ ಇಡಬೇಡ, ಸಿಡಿದರೆ ಓವನ್ ಒಳಗೆಲ್ಲ ಒರೆಸುವ ಕೆಲಸ.

ಆದರೆ ಮಡಿ ಅಡುಗೆಗೆ ಆ ಅಜ್ಜಿ ಬಟಾಟೆಯನ್ನು ಮುಟ್ಟುತ್ತಿರಲಿಲ್ಲ. ಏಕಾದಶಿಗಿಲ್ಲ, ಶ್ರಾದ್ಧಕ್ಕಿಲ್ಲ, ಚಾತುರ್ಮಾಸ್ಯದಲ್ಲಿ ಹೆಸರೆತ್ತುವ ಹಾಗಿಲ್ಲ. ಪೋರ್ಚುಗೀಸರು ಹಡಗಿನಲ್ಲಿ ತಂದ ಗಡ್ಡೆ, ಋಷಿಗಳಿಗೆ ಗೊತ್ತಿರಲಿಲ್ಲ ಎಂಬುದು ಅವಳ ವಾದ. ಚರಿತ್ರೆಯ ಮಟ್ಟಿಗೆ ಅವಳು ಹೇಳಿದ್ದು ನಿಜ, ಮೂಲದಲ್ಲಿ ಇದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಬೆಳೆ. ಇಲ್ಲಿ ಠಾಕುರ್ಲಿಗೆ ಬಂದು ನೋಡಿದರೆ, ಪಕ್ಕದ ಮನೆಯ ಮರಾಠಿ ಕಾಕೂ ಏಕಾದಶಿಗೆ, ಶ್ರಾವಣ ಸೋಮವಾರಕ್ಕೆ ತಿನ್ನುವುದೇ ಬಟಾಟೆ! ಜೀರಿಗೆ, ಹಸಿಮೆಣಸು, ಶೇಂಗಾ ಪುಡಿ ಹಾಕಿದ ಭಾಜಿ, ತುರಿದು ತುಪ್ಪದಲ್ಲಿ ಬಾಡಿಸಿದ ಕೀಸ್, ಜೊತೆಗೆ ಸಾಬುದಾಣಿ ಖಿಚಡಿ. ಊರಿನಲ್ಲಿ ಉಪವಾಸ ಕೆಡಿಸುತ್ತಿದ್ದ ಬಟಾಟೆ ಇಲ್ಲಿ ಉಪವಾಸ ಉಳಿಸುತ್ತದೆ. ನಿನ್ನ ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಮುಖ ಸಿಂಡರಿಸಿದಳು. ಆಮೇಲೆ ಯಾವಾಗ ಪಕ್ಷ ಬದಲಿಸಿದಳೋ ಗೊತ್ತಿಲ್ಲ. ಈಗ ಅವಳ ಸೋಮವಾರದ ಫಲಾಹಾರ ನೋಡುತ್ತ ನಾನು ಗೋಧಿ ರೊಟ್ಟಿ ಅಗಿಯುತ್ತೇನೆ. ವ್ರತ ಯಾರದ್ದು ಎಂದು ನೀನೇ ಹೇಳು.

ಏಪ್ರಿಲ್-ಮೇಯಲ್ಲಿ ಆ ಕಾಕೂ ಮತ್ತು ಅಜ್ಜಿ ಸೇರಿ ಗಚ್ಚಿಯ ಮೇಲೆ ಬಟಾಟೆ ಹಪ್ಪಳ ಹಾಕುತ್ತಿದ್ದರು. ಆಗ ಇಲ್ಲಿ ರೈಲ್ವೆಯ ಪವರ್‌ಹೌಸ್ ಇನ್ನೂ ನಡೆಯುತ್ತಿತ್ತು, ಲೋಕಲ್ ರೈಲುಗಳಿಗೆ ಕಲ್ಲಿದ್ದಲಿನಿಂದ ಕರೆಂಟು ಮಾಡುವ ಸ್ಥಾವರ. ಗಾಳಿ ಈ ಕಡೆ ತಿರುಗಿತೆಂದರೆ ಹಪ್ಪಳದ ಮೇಲೆ ಬೂದಿ. ಹಳೆಯ ವಾಯಿಲ್ ಸೀರೆ ಹೊದಿಸಿ ಕಾಯಲು ನಿನ್ನ ಅಮ್ಮನನ್ನು ಕೂರಿಸುತ್ತಿದ್ದರು. ಅವಳು ಕಾಯುತ್ತ ಕಾಯುತ್ತ ಅರ್ಧ ಒಣಗಿದ ಹಪ್ಪಳವನ್ನು ಅಂಚಿನಿಂದ ತಿನ್ನುತ್ತಿದ್ದಳು. ನಿನ್ನ ಫೋಟೋಕ್ಕೆ ನಗುವ ಹಕ್ಕು ಅವಳಿಗಿಲ್ಲ ಎಂದು ಹೇಳುವುದಕ್ಕಾಗಿ ಇದನ್ನು ಬರೆದೆ.

ನನಗೆ ಬಟಾಟೆಯ ವಿದ್ಯೆ ಸಿಕ್ಕಿದ್ದು ಮನೆಯಲ್ಲಲ್ಲ, ಫೋರ್ಟಿನ ಒಂದು ಉಡುಪಿ ಹೋಟೆಲಿನ ಹಿಂದಿನ ಮೋರಿಯ ಪಕ್ಕದಲ್ಲಿ. ಅರುವತ್ತರ ದಶಕದ ಮೊದಲಲ್ಲಿ ನಾನು ಮುಂಬಯಿಗೆ ಬಂದಾಗ ಊರಿನ ಹುಡುಗರಿಗೆಲ್ಲ ಅದೇ ದಾರಿ. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೇ ನಿದ್ದೆ. ನನ್ನ ಪಾಲಿಗೆ ಬಂದದ್ದು ಬಟಾಟೆಯ ಗೋಣಿ. ತೊಳೆದು, ಸಿಪ್ಪೆ ಸಮೇತ ದೊಡ್ಡ ಪಾತ್ರೆಯಲ್ಲಿ ತಣ್ಣೀರಿಗೆ ಹಾಕಿ ಒಲೆಗೇರಿಸಬೇಕು. ಕುದಿಯುವ ನೀರಿಗೆ ಹಾಕಿದರೆ ಹೊರಗಿನದು ಕರಗಿ ಒಳಗೆ ಹಸಿ ಉಳಿಯುತ್ತದೆ. ಬೆಂದದ್ದನ್ನು ಬಸಿದು, ಕೈ ಸುಡುವ ಬಿಸಿಯಲ್ಲೇ ಸಿಪ್ಪೆ ಸುಲಿದು, ಅಗಲವಾದ ಪರಾತದಲ್ಲಿ ಒಂದರ ಮೇಲೊಂದು ಬೀಳದಂತೆ ಹರವಬೇಕು. ಆಮೇಲೆ ಅದನ್ನು ಯಾರೂ ಮುಟ್ಟಬಾರದು. ದೋಸೆಯ ಭಟ್ಟರು ಬಂದು ಒಂದನ್ನು ಬೆರಳಿನಿಂದ ಒತ್ತಿ ನೋಡಿ "ಹೂಂ" ಎಂದ ಮೇಲೆಯೇ ಒಗ್ಗರಣೆ.

ಒಂದು ಸಂಜೆ ಶಾಲೆಗೆ ಹೊತ್ತಾಯಿತೆಂದು, ಭಟ್ಟರು ಬೀಡಿಗೆ ಹೊರಗೆ ಹೋದದ್ದನ್ನು ನೋಡಿ, ಹಬೆಯಾಡುತ್ತಿದ್ದ ಬಟಾಟೆಯನ್ನೆಲ್ಲ ನಾನೇ ಕುಟ್ಟಿ ಒಗ್ಗರಣೆಗೆ ಸುರಿದೆ. ಪಲ್ಯ ಎಂದು ಆದದ್ದು ಅಂಟು. ದೋಸೆಯೊಳಗೆ ಇಟ್ಟರೆ ದೋಸೆಯ ಹೊಟ್ಟೆ ಒದ್ದೆಯಾಗಿ ಹರಿಯಿತು, ಸೌಟಿಗೆ ಹತ್ತಿದ್ದು ಸೌಟು ಬಿಡಲಿಲ್ಲ. ಭಟ್ಟರು ಬೈಯಲಿಲ್ಲ, ಹೊಡೆಯಲಿಲ್ಲ. ರಾತ್ರಿ ಎಲ್ಲರೂ ಉಣ್ಣಲು ಕೂತಾಗ ನನ್ನ ತಟ್ಟೆಗೆ ಅದನ್ನೇ ಬಡಿಸಿ, "ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಿಕ್ಕೆ ಆಗಲಿಲ್ಲವಾ?" ಎಂದು ಕೇಳಿದರು. ಈ ಗಾದೆಯನ್ನು ಜನ ಮದುವೆಗೆ, ವ್ಯಾಜ್ಯಕ್ಕೆ, ಮನೆ ಪಾಲಿಗೆ ಎಲ್ಲದಕ್ಕೂ ಹೇಳುತ್ತಾರೆ. ಅಕ್ಷರಶಃ ಅಡುಗೆಗೇ ಹೇಳಿದವರು ನನಗೆ ಸಿಕ್ಕಿದ್ದು ಅವರೊಬ್ಬರೇ.

ಯಾಕೆ ಹಾಗಾಯಿತೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬಟಾಟೆಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಬೆಂದಾಗ ಅದರ ಪಿಷ್ಟದ ಕಾಳುಗಳು ನೀರು ಕುಡಿದು ಉಬ್ಬಿ ಮೆತ್ತಗಾಗಿರುತ್ತವೆ. ಆ ಬಿಸಿಯಲ್ಲೇ ಬಲವಾಗಿ ಕುಟ್ಟಿದರೆ ಜೀವಕೋಶಗಳು ಒಡೆದು ಪಿಷ್ಟ ಹೊರಗೆ ಬಂದು ಎಲ್ಲವನ್ನೂ ಹಿಡಿದು ಅಂಟಿಸುತ್ತದೆ. ಹಿಂದೆ ಅಂಚೆಚೀಟಿಯ ಹಿಂಬದಿಯ ಗೋಂದನ್ನು ಬಟಾಟೆ ಪಿಷ್ಟದಿಂದ ಮಾಡುತ್ತಿದ್ದರೆಂದರೆ ಅದರ ಅಂಟಿನ ಶಕ್ತಿ ಎಷ್ಟೆಂದು ನೋಡು. ಹರವಿ ಬಿಟ್ಟರೆ ಹಬೆಯ ರೂಪದಲ್ಲಿ ಮೇಲುನೀರು ಹೋಗುತ್ತದೆ, ಪಿಷ್ಟ ಗಟ್ಟಿಯಾಗುತ್ತದೆ, ಆಮೇಲೆ ಮುರಿದರೆ ಪುಡಿಪುಡಿಯಾಗಿ ಬಿಡಿಸಿಕೊಳ್ಳುತ್ತದೆ. ಇಷ್ಟು ತಿಳಿದ ಮೇಲೆ ಹೇಳುತ್ತೇನೆ, ನೀನು ಬನ್ನು ಮಾಡುವುದಕ್ಕೆಂದು ಬಿಸಿ ಬಟಾಟೆಯನ್ನು ಮಿಕ್ಸಿಗೆ ಹಾಕಿದ ಸುದ್ದಿಯನ್ನು ನಾನು ಅಜ್ಜಿಗೆ ತಲುಪಿಸಿಲ್ಲ. ನಮ್ಮಿಬ್ಬರಲ್ಲೇ ಇರಲಿ. ಬನ್ನಿನ ಹಿಟ್ಟಿಗೆ ಬಟಾಟೆ ಸೇರಿಸುವ ಯೋಚನೆ ಮಾತ್ರ ಬಹಳ ಒಳ್ಳೆಯದು. ಬಟಾಟೆಯ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬನ್ನು ಮಾರನೆಯ ದಿನಕ್ಕೂ ಮೆತ್ತಗೆ ಇರುತ್ತದೆ. ಕೈಯಲ್ಲೇ ಹಿಸುಕು, ಇಲ್ಲವೇ ಜರಡಿಯಲ್ಲಿ ಒತ್ತು. ಮಿಕ್ಸಿಯ ಮುಖ ತೋರಿಸಬೇಡ.

ನಿನಗೆ ನನ್ನದು ಒಂದೇ ಬುದ್ಧಿಮಾತು: ಬೆಂದ ಬಟಾಟೆಯನ್ನು ಆರಲು ಬಿಡು. ಮಸಾಲೆ, ಉಪ್ಪು, ಖಾರ ಎಲ್ಲ ನಿನ್ನಿಷ್ಟ, ಚೀಸ್ ಸುರಿದರೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆದರೆ ಬಸಿದಾದ ಮೇಲೆ ಅದನ್ನು ಅದರ ಪಾಡಿಗೆ ಬಿಟ್ಟು ನೀನು ಕೈಕಾಲು ಮುಖ ತೊಳೆದು ಬಾ, ಬಟ್ಟೆ ಮಡಚು, ಅಮ್ಮನಿಗೆ ಫೋನ್ ಮಾಡು. ಆಫೀಸಿನ ಕೆಲಸ ಮಾತ್ರ ತೆರೆಯಬೇಡ, ಆಮೇಲೆ ಬಟಾಟೆಯ ನೆನಪಾಗುವುದು ಮಾರನೆಯ ದಿನ ಬೆಳಿಗ್ಗೆ. ಹಾಗೆ ರಾತ್ರಿಯಿಡೀ ಹೊರಗೆ ಬಿಟ್ಟದ್ದನ್ನು ತಿನ್ನಲೂಬೇಡ. ಹಸಿಯದು ಫ್ರಿಜ್ಜಿಗೆ ಬೇಡ ಎಂದೆನಲ್ಲ, ಬೇಯಿಸಿ ಆರಿದ್ದು ಮಿಕ್ಕರೆ ಫ್ರಿಜ್ಜಿಗೇ ಹೋಗಬೇಕು.

ಈ ಮಾತು ಬಟಾಟೆ ವಡೆಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಒಳಗಿನ ಉಂಡೆ ಬಿಸಿಯಾಗಿ ಒದ್ದೆಯಾಗಿದ್ದರೆ ಎಣ್ಣೆಯಲ್ಲಿ ಅದರ ಹಬೆಗೆ ದಾರಿಯಿಲ್ಲದೆ ಕಡ್ಲೆಹಿಟ್ಟಿನ ಹೊದಿಕೆ ಒಡೆಯುತ್ತದೆ, ಎಣ್ಣೆ ಒಳಗೆ ನುಗ್ಗುತ್ತದೆ. ಥಾಣೆ ಸ್ಟೇಷನ್ ಹೊರಗಿನ ಕುಂಜವಿಹಾರದ ವಡಾಪಾವ್ ನಿನಗೆ ಇಷ್ಟವಲ್ಲ, ಮುಂದಿನ ಸಲ ತಿನ್ನುವಾಗ ಮುರಿದು ಒಳಗೆ ನೋಡು, ಬಟಾಟೆ ಬಿಡಿಬಿಡಿಯಾಗಿರುತ್ತದೆ. 1966ರಲ್ಲಿ ದಾದರ್ ಸ್ಟೇಷನ್ ಎದುರು ಅಶೋಕ್ ವೈದ್ಯರು ವಡೆಯನ್ನು ಪಾವಿನೊಳಗೆ ಇಟ್ಟು ಕೊಡಲು ಆರಂಭಿಸಿದರೆಂದು ಇಲ್ಲಿಯ ಜನ ಹೇಳುತ್ತಾರೆ. ಮಿಲ್ಲಿನ ಪಾಳಿ ಮುಗಿಸಿ ಬರುವವರಿಗೆ ನಿಂತೇ ತಿಂದು ರೈಲು ಹತ್ತುವುದಕ್ಕೆ ಅನುಕೂಲ. ಅದೇ ಕಾಲಕ್ಕೆ ದಕ್ಷಿಣದವರ ಮೇಲೆ, ನಮ್ಮ ಹೋಟೆಲುಗಳ ಮೇಲೆ ಮುಂಬಯಿಯಲ್ಲಿ ಸಿಟ್ಟು ಎದ್ದಿತ್ತು. ಇಡ್ಲಿ ದೋಸೆ ಬಿಟ್ಟು ನಮ್ಮ ವಡಾಪಾವ್ ತಿನ್ನಿ ಎಂಬ ಮಾತು ಚಾಲ್ತಿಗೆ ಬಂತು. ಒಂದೆರಡು ದಿನ ನಾವು ಅರ್ಧ ಷಟರ್ ಎಳೆದುಕೊಂಡು ವ್ಯಾಪಾರ ಮಾಡಿದ್ದೂ ಉಂಟು. ಒಳಗೆ ಕೂತು ಬಟಾಟೆ ಸುಲಿಯುತ್ತಿದ್ದ ನನಗೆ ಹೊಳೆದದ್ದು ಇಷ್ಟೇ: ಅವರ ವಡೆಗೂ ನಮ್ಮ ಮಸಾಲೆ ದೋಸೆಗೂ ಗೋಣಿ ಬರುವುದು ಮಸ್ಜಿದ್ ಬಂದರಿನ ಅದೇ ಗಲ್ಲಿಯಿಂದ. ಸಾಸಿವೆ, ಅರಸಿನ, ಕರಿಬೇವು, ಹಸಿಮೆಣಸು ಅಲ್ಲೂ ಇದೆ, ಇಲ್ಲೂ ಇದೆ. ಅವರು ಬೆಳ್ಳುಳ್ಳಿ ಹಾಕುತ್ತಾರೆ, ನಾವು ಈರುಳ್ಳಿ ಹಾಕುತ್ತೇವೆ. ಇದನ್ನು ನಾನು ಆಗ ಯಾರಿಗೂ ಹೇಳಲಿಲ್ಲ, ಹದಿನೇಳರ ಹುಡುಗನ ಮಾತು ಕೇಳುವವರಾರು? ಸಂಜೆ ರಾತ್ರಿಶಾಲೆಗೆ ಹೋಗುವ ದಾರಿಯಲ್ಲಿ ನಾನೂ ಒಂದು ವಡಾಪಾವ್ ತಿನ್ನುತ್ತಿದ್ದೆ, ನಮ್ಮ ಶೇಟ್‌ಗೆ ಗೊತ್ತಾಗದ ಹಾಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀನು ಓವನ್ನಿನಲ್ಲಿ ಬೇಕ್ ಮಾಡಿದ ಬಟಾಟೆ ವಡೆಯನ್ನು ನಾನು ವಡೆ ಎಂದು ಒಪ್ಪುವುದಿಲ್ಲ. ಅದು ಹಿಟ್ಟು ಹಚ್ಚಿಕೊಂಡ ಪಲ್ಯ. ಎಣ್ಣೆ ಬೇಡವಾದರೆ ವಡೆಯನ್ನೇ ಬಿಡಬೇಕು, ವಡೆಯಿಂದ ಎಣ್ಣೆಯನ್ನು ಬಿಡಿಸಬಾರದು. ಓವನ್ನಿಗೆ ಒಗ್ಗುವ ಬಟಾಟೆ ಬೇರೆ ಇದೆ, ಅದನ್ನು ಹೇಳುತ್ತೇನೆ ಕೇಳು.

ಬಟಾಟೆಯ ಸಿಪ್ಪೆ ಸುಲಿದು ದೊಡ್ಡ ದೊಡ್ಡ ಹೋಳು ಮಾಡು, ಲಿಂಬೆಹಣ್ಣಿನ ಗಾತ್ರಕ್ಕೆ ಕಡಿಮೆ ಬೇಡ. ತಣ್ಣೀರು, ಕೈತುಂಬ ಉಪ್ಪು, ಚಿಟಿಕೆ ಅಡುಗೆ ಸೋಡಾ. ಸೋಡಾದಿಂದ ಹೋಳಿನ ಅಂಚು ಬೇಗ ಕರಗಿ ಒರಟಾಗುತ್ತದೆ, ಗರಿಗರಿಯಾಗುವುದು ಆ ಒರಟು ಭಾಗವೇ. ಚಾಕು ಸಲೀಸಾಗಿ ಇಳಿಯುವ ಹೊತ್ತಿಗೆ ಬಸಿದು, ತೂತಿನ ಬುಟ್ಟಿಯಲ್ಲೇ ಬಿಡು. ಹಬೆ ನಿಂತು, ಮೇಲ್ಮೈ ಸುಣ್ಣ ಬಳಿದಂತೆ ಬಿಳಿಚಿಕೊಂಡರೆ ಆರಿತು ಎಂದರ್ಥ. ಆಗ ಬುಟ್ಟಿಯನ್ನು ಒಮ್ಮೆ ಗಲಗಲ ಕುಲುಕು. ಓವನ್ 220 ಡಿಗ್ರಿಗೆ ಮೊದಲೇ ಕಾದಿರಬೇಕು, ಟ್ರೇಯಲ್ಲಿ ಎಣ್ಣೆಯೂ ಕಾದಿರಬೇಕು. ಹೋಳುಗಳು ಒಂದಕ್ಕೊಂದು ತಾಗದ ಹಾಗೆ ಹರವು. ನಿನ್ನದು ಪುಟ್ಟ ಓಟಿಜಿ, ಎರಡು ಸಲ ಮಾಡಿದರೂ ಅಡ್ಡಿಯಿಲ್ಲ, ತುಂಬಿಸಿ ತುರುಕಿದರೆ ಒಂದರ ಹಬೆಗೆ ಇನ್ನೊಂದು ಮೆತ್ತಗಾಗುತ್ತದೆ. ಮುಕ್ಕಾಲು ತಾಸು ಬೇಕು, ನಡುವೆ ಒಮ್ಮೆ ಮಗುಚು. ಹೊರಗೆ ತೆಗೆದ ಮೇಲೆ ಒಲೆಯ ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಇಂಗು, ಎರಡು ಎಸಳು ಕರಿಬೇವು ಸಿಡಿಸಿ ಅದರ ಮೇಲೆ ಸುರಿ. ಒಗ್ಗರಣೆಯನ್ನು ಮೊದಲೇ ಹಾಕಿ ಓವನ್ನಿಗೆ ಇಟ್ಟರೆ ಸಾಸಿವೆ ಕರಟಿ ಕಹಿಯಾಗುತ್ತದೆ. ವಿಲಾಯತಿಯವರು ಇದಕ್ಕೆ ರೋಸ್ಮರಿ ಹಾಕುತ್ತಾರಂತೆ. ಹಾಕಲಿ ಪಾಪ, ಅವರಿಗೆ ಕರಿಬೇವು ಸಿಗುವುದಿಲ್ಲ.

ಬಟಾಟೆ ಯಾವುದು ಎಂದು ಕೇಳುತ್ತೀಯ. ಅಂಗಡಿಯವನಿಗೆ ತಳಿಯ ಹೆಸರು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಕೈಗೆತ್ತಿಕೊಂಡಾಗ ಗಟ್ಟಿ ಇರಬೇಕು, ಸುಕ್ಕಿರಬಾರದು. ಇಲ್ಲಿ ಸ್ಟೇಷನ್ ಹೊರಗೆ ಕೂರುವ ಮಾವಶಿ ತಳೇಗಾಂವ್ ಬಟಾಟೆ ಎಂದು ಬೇರೆ ಗುಡ್ಡೆ ಹಾಕಿರುತ್ತಾಳೆ, ನಾಲ್ಕು ರೂಪಾಯಿ ಹೆಚ್ಚು. ನಿನ್ನ ಅಪ್ಪನನ್ನು ಕೇಳಿದರೆ ಹಾಸನದ ಹೊಸ ಬಟಾಟೆಯ ಮುಂದೆ ಯಾವುದೂ ಇಲ್ಲ ಎನ್ನುತ್ತಾನೆ. ಪಂಜಾಬಿನ ಜಲಂಧರದಿಂದ ಬೀಜ ತರಿಸಿ, ಮೇ ತಿಂಗಳ ಮಳೆಗೆ ಬಿತ್ತಿ, ಅಂಗಮಾರಿ ರೋಗಕ್ಕೆ ಹೆದರಿಕೊಂಡೇ ಬೆಳೆದು, ಶ್ರಾವಣ ಭಾದ್ರಪದಕ್ಕೆ ಅಗೆಯುವ ಬೆಳೆ. ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದ ತಳಿ, ಅಲ್ಲಿಯವರ ಕೈ ಇನ್ನೂ ಬಿಟ್ಟಿಲ್ಲ. ಹೊಸದರ ಸಿಪ್ಪೆ ಹೆಬ್ಬೆರಳಿನಲ್ಲಿ ಉಜ್ಜಿದರೆ ಬರುತ್ತದೆ, ಹುಳಿಗೂ ಸಾಗುವಿಗೂ ಬಹಳ ರುಚಿ. ಓವನ್ನಿಗೆ ಮಾತ್ರ ನೀರು ಜಾಸ್ತಿ. ಈ ಮಾತನ್ನು ನಾನು ಅಳಿಯನ ಎದುರು ಎತ್ತುವುದಿಲ್ಲ, ನೀನೂ ಎತ್ತಬೇಡ. ಹೆಣ್ಣು ಕೊಟ್ಟ ಮನೆಯವರು ಎಷ್ಟು ಮಾತಾಡಬೇಕೋ ಅಷ್ಟೇ ಮಾತಾಡಬೇಕು.

ಆರಿಸುವ ಮಾತಿಗೇ ಮರಳುತ್ತೇನೆ. ಬೇಯಿಸಿ ಆರಿಸಿದ ಬಟಾಟೆಯ ಪಿಷ್ಟದಲ್ಲಿ ಒಂದಷ್ಟು ಪಾಲು ಹೊಟ್ಟೆಯಲ್ಲಿ ಬೇಗ ಕರಗದ ರೂಪಕ್ಕೆ ತಿರುಗುತ್ತದೆಂದೂ ಹಾಗಾಗಿ ರಕ್ತದಲ್ಲಿ ಸಕ್ಕರೆ ಸ್ವಲ್ಪ ನಿಧಾನವಾಗಿ ಏರುತ್ತದೆಂದೂ ಓದಿದ್ದೇನೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅಜ್ಜಿಯ ಮುಂದೆ ಇಟ್ಟೆ. ಅವಳು ಪೂರ್ತಿ ಓದಿ, ವಿಜ್ಞಾನಕ್ಕೆ ಮರ್ಯಾದೆ ಕೊಟ್ಟು, ನಿನ್ನೆ ಊಟಕ್ಕೆ ತಣ್ಣಗಿನ ಬಟಾಟೆಯ ಒಂದೇ ಒಂದು ಹೋಳು ಬಡಿಸಿದಳು. ಇನ್ನೊಂದು ಎಂದೆ. ಆರಲಿ, ನಾಳೆಗೆ ಕೊಡುತ್ತೇನೆ ಎಂದಳು.

ಮುಂದಿನ ಭಾನುವಾರ ಬರುತ್ತೇನೆ ಎಂದಿದ್ದೀ. ಥಾಣೆಯಲ್ಲಿ ಇಳಿದು ಕಲ್ಯಾಣದ ಸ್ಲೋ ಹಿಡಿ. ಕಳೆದ ಸಲದ ಹಾಗೆ ಫೋನ್ ನೋಡುತ್ತ ಫಾಸ್ಟ್ ಹತ್ತಿದರೆ ಅದು ಠಾಕುರ್ಲಿಯಲ್ಲಿ ನಿಲ್ಲುವುದಿಲ್ಲ, ಡೊಂಬಿವಲಿ ಬಿಟ್ಟರೆ ಕಲ್ಯಾಣವೇ. ಮಳೆ ಜೋರಿದ್ದರೆ ಹೊರಡಲೇಬೇಡ, ಪ್ಲಾಟ್‌ಫಾರಂ ಜಾರುತ್ತದೆ. ಬರುವಾಗ ಕೋಪರ್‌ಖೈರಣೆಯಲ್ಲೇ ಬಟಾಟೆ ಬೇಯಿಸಿ, ಆರಿಸಿ, ಡಬ್ಬಿಯಲ್ಲಿ ತಾ. ನಿನ್ನ ಓಟಿಜಿಯನ್ನು ರೈಲಿನಲ್ಲಿ ಹೊತ್ತು ತರುವುದು ಬೇಡ. ನಮ್ಮಲ್ಲಿ ಓವನ್ ಇಲ್ಲದಿದ್ದರೆ ಏನಂತೆ, ಅಜ್ಜಿಯ ಬೀಡಿನ ಕಾವಲಿ ಇದೆಯಲ್ಲ. ಅದರಲ್ಲೇ ಹುರಿದು ತೋರಿಸುತ್ತೇನೆ, ಯಾರದು ಗರಿಗರಿ ಎಂದು ಅಜ್ಜಿಯೇ ತೀರ್ಪು ಹೇಳಲಿ. ತೀರ್ಪಿಗೆ ಮೊದಲು ರುಚಿ ನೋಡುವ ನೆವದಲ್ಲಿ ನನಗೂ ನಾಲ್ಕು ಹೋಳು ದಕ್ಕುತ್ತದೆ.

ಇತಿ ನಿನ್ನ ಪ್ರೀತಿಯ,
ಅಜ್ಜ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅಜ್ಜಿ ಬಂದು ಎರಡು ಮಾತು ಸೇರಿಸಿ ಎಂದಳು. ಒಂದು, ಹೋದ ವಾರ ನೀನು ಮಾಡಿದ ಬಟಾಟೆ ಹುಳಿಯಲ್ಲಿ ಬಟಾಟೆ ಬೇಯದೆ ಕಲ್ಲಾಗಿತ್ತಂತೆ. ಹುಣಸೆಹುಳಿಯನ್ನು ಮೊದಲೇ ಹಾಕಿದರೆ ಬಟಾಟೆ ಬೇಗ ಬೇಯುವುದಿಲ್ಲ, ಬೆಂದ ಮೇಲೆ ಹಾಕಬೇಕು. ಎರಡು, ಕಳೆದ ಸಲ ಚಕ್ಕುಲಿ ತುಂಬಿಸಿಕೊಂಡು ಹೋದ ಸ್ಟೀಲ್ ಡಬ್ಬಿ, ಮುಚ್ಚಳದ ಸಮೇತ.